ಅಟ್ಟದ ಏಣಿಗೆ ಆಧಾರ ಯಾವುದು?

ಅಟ್ಟ ಹತ್ತಿಸಿ ಏಣಿ ತೆಗೆದರು ಎಂಬ ಮಾತು ನಂಬಿಸಿ ಕೈಕೊಟ್ಟವರನ್ನು ಕುರಿತದ್ದು. ಮನೆಗಳಲ್ಲಾದರೋ ಏಣಿಯನ್ನು ಯಾರೂ ತೆಗೆಯಬೇಕಾಗಿಲ್ಲ, ಅದು ತಾನಾಗಿಯೇ ಜಾರಿ ಹೋಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಅಣ್ಣನ ಹಳೆಯ ಗೈಡು ಹುಡುಕಲು ಹತ್ತುವ ಹುಡುಗ, ಹಬ್ಬಕ್ಕೆಂದು ದೊಡ್ಡ ಪಾತ್ರೆ ಇಳಿಸಲು ಹತ್ತುವ ತಾಯಿ, ಬೇಸಿಗೆಯ ರಾತ್ರಿ ಹಾಸಿಗೆ ಸುರುಳಿ ಹೊತ್ತು ಮಾಳಿಗೆಗೆ ಹೊರಟ ಇಡೀ ಸಂಸಾರ, ಇವರೆಲ್ಲರ ಭಾರ ಬೀಳುವುದು ಗೋಡೆಗೆ ಸುಮ್ಮನೆ ಒರಗಿಸಿಟ್ಟ ಒಂದು ಏಣಿಯ ಮೇಲೆ.

ಏಣಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಮೂರು. ಮರದ್ದೋ, ಕಬ್ಬಿಣದ್ದೋ, ಅಲ್ಯೂಮಿನಿಯಂದೋ? ಎಷ್ಟು ಅಡಿ? ಬೆಲೆ ಎಷ್ಟು? ಏಣಿಯ ತಲೆಯನ್ನು ಹಿಡಿದಿಡುವುದು ಯಾವುದು, ಕಾಲು ಏನನ್ನು ಕಚ್ಚಿಕೊಂಡು ನಿಲ್ಲುತ್ತದೆ ಎಂದು ಕೇಳುವವರು ಅಪರೂಪ. ಕೊಕ್ಕೆ, ಬೋಲ್ಟು, ವಾಷರು, ರಬ್ಬರ್ ಬೂಟು ಇವೆಲ್ಲ ಏಣಿಯ ಬೆಲೆಯ ಮುಂದೆ ಚಿಲ್ಲರೆ ಸಾಮಾನುಗಳು. ಆದರೆ ಹತ್ತಿದವರು ಸುಖವಾಗಿ ಇಳಿಯುವುದು ಅವುಗಳ ಆಯ್ಕೆಯನ್ನೇ ಅವಲಂಬಿಸಿದೆ. ಆ ಆಯ್ಕೆಯನ್ನು ನಿರ್ಧರಿಸುವುದು ಏಣಿಯಲ್ಲ, ಮನೆಯ ಗೋಡೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ಮಾತಿಗೆ ಇನ್ನಷ್ಟು ಅರ್ಥವಿದೆ. ಮಣ್ಣು, ಕಲ್ಲು, ಕಾಂಕ್ರೀಟು ಮೂರು ಬಗೆಯ ಮನೆಗಳೂ ಇಲ್ಲಿ ಹತ್ತಿಪ್ಪತ್ತು ಮೈಲಿಯೊಳಗೆ ಸಿಗುತ್ತವೆ.

ಪುಸ್ತಕದಲ್ಲಿರುವ ಲೆಕ್ಕ

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರು ಗೋಡೆಗೆ ಒರಗಿದ ಏಣಿಯ ಲೆಕ್ಕವನ್ನು ಒಮ್ಮೆಯಾದರೂ ಮಾಡಿರುತ್ತಾರೆ. ಅಂಕಕ್ಕಾಗಿ ಮಾಡಿ ಮರೆತ ಆ ಲೆಕ್ಕವನ್ನು ಮನೆಯ ಅಟ್ಟಕ್ಕೆ ಹಚ್ಚಿ ನೋಡಬಹುದು. ಏಣಿ 8 ಅಡಿ ಎತ್ತರದಲ್ಲಿ ಒರಗಿದೆ, ಕಾಲು ಗೋಡೆಯಿಂದ 2 ಅಡಿ ದೂರದಲ್ಲಿದೆ ಎನ್ನೋಣ. ಹತ್ತುವವನ ತೂಕ 60 ಕೆ.ಜಿ. ಗೋಡೆ ನುಣುಪು, ಏಣಿಯ ಸ್ವಂತ ತೂಕ ಲೆಕ್ಕಕ್ಕಿಲ್ಲ ಎಂದುಕೊಂಡರೆ, ಅವನು ನಡುವಿನ ಮೆಟ್ಟಿಲಲ್ಲಿದ್ದಾಗ ಏಣಿಯ ಕಾಲು ಏಳೂವರೆ ಕೆ.ಜಿ. ಭಾರದಷ್ಟು ಬಲದಿಂದ ಹೊರಕ್ಕೆ ಜಾರಲು ನೋಡುತ್ತದೆ. ತುದಿ ಮುಟ್ಟಿದಾಗ ಆ ಬಲ 15 ಕೆ.ಜಿ. ಆಗುತ್ತದೆ. ಕಾಲನ್ನು 4 ಅಡಿ ದೂರಕ್ಕೆ ಎಳೆದಿಟ್ಟರೆ 30 ಕೆ.ಜಿ.

ಅರ್ಧ ಹತ್ತುವವರೆಗೆ ಕದಲದ ಏಣಿ ಕೊನೆಯ ಮೆಟ್ಟಿಲಲ್ಲೇ ಏಕೆ ಕೈಕೊಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ನಾಲ್ಕು ಮೆಟ್ಟಿಲು ಹತ್ತಿ ಕುಲುಕಿ ನೋಡಿ, ಗಟ್ಟಿಯಾಗಿದೆ ಎಂದು ಮೇಲೆ ಹೋಗುವವರ ಪರೀಕ್ಷೆ ಅರ್ಧ ಪರೀಕ್ಷೆ ಮಾತ್ರ. ಹಾಗೆಂದು ಕಾಲನ್ನು ಗೋಡೆಗೆ ತೀರಾ ಒತ್ತರಿಸಿದರೆ ಹತ್ತುವವನು ಏಣಿಸಮೇತ ಹಿಂದಕ್ಕೆ ಮಗುಚುತ್ತಾನೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ, ಅಂದರೆ ಸುಮಾರು 75 ಡಿಗ್ರಿ ಕೋನ, ಎನ್ನುವ ರೂಢಿ ಈ ಎರಡರ ನಡುವಣ ಹದ. ಏಣಿಗಳ ಸುರಕ್ಷತೆಗೆಂದೇ ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಐಎಸ್ 3696ರ ಎರಡನೆಯ ಭಾಗವನ್ನು ಪ್ರಕಟಿಸಿದೆ. ಮೇಸ್ತ್ರಿಗಳಲ್ಲಿ ಅದನ್ನು ಕಂಡವರು ವಿರಳ.

ಕಾಲಿಗೆ ಹಾಕುವ ರಬ್ಬರ್ ಬೂಟು ಈ ಜಾರುವ ಬಲವನ್ನು ತಡೆಯುವ ಮೊದಲ ಸಾಮಾನು. ಬೂಟಿನ ಅಡಿಯ ಗೀರುಗಳು ಸವೆದು ನುಣ್ಣಗಾದರೆ ಅದನ್ನು ಬದಲಿಸಬೇಕು. ಕಡಪದ ಕಲ್ಲು ಹಾಸಿದ ನೆಲವನ್ನು ಒರೆಸಿದ ಕೂಡಲೇ ಏಣಿ ಇಡಬಾರದು. ನೆಲಕ್ಕೆ ಗೀರು ಬೀಳಬಾರದೆಂದು ಏಣಿಯ ಕೆಳಗೆ ಗೋಣಿಚೀಲ ಹಾಸುವ ಪದ್ಧತಿ ಎಷ್ಟೋ ಮನೆಗಳಲ್ಲಿ ಉಂಟು. ನೆಲ ಉಳಿಯುತ್ತದೆ, ಚೀಲದೊಂದಿಗೆ ಏಣಿ ಜಾರುತ್ತದೆ.

ಮಣ್ಣಿಗೆ ಬೋಲ್ಟು ಒಗ್ಗದು

ಕಂಪ್ಲಿಯ ಕಡೆಯ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಚೌಳು ಮಣ್ಣು ಹಾಕಿ ಮಾಳಿಗೆಯನ್ನು ಭದ್ರ ಮಾಡಬೇಕು, ಮೆಣಸಿನಕಾಯಿ, ಹಪ್ಪಳ ಒಣಗಿಸಬೇಕು, ಸೆಖೆಯಲ್ಲಿ ಅಲ್ಲೇ ಮಲಗಬೇಕು. ಓದುವ ಮಕ್ಕಳಿಗೆ ಸದ್ದುಗದ್ದಲವಿಲ್ಲದ ಜಾಗವೂ ಅದೇ. ಹೀಗಾಗಿ ಇಲ್ಲಿ ಏಣಿ ವರ್ಷಕ್ಕೊಮ್ಮೆ ಹೊರಬರುವ ವಸ್ತುವಲ್ಲ.

ಇಂಥ ಗೋಡೆಗೆ ಡ್ರಿಲ್ಲಿನಿಂದ ತೂತು ಕೊರೆದು ಬೋಲ್ಟು ತುರುಕಿದರೆ ಮೊದಲ ದಿನ ಗಟ್ಟಿಯಾಗಿ ಕಾಣುತ್ತದೆ. ಸುತ್ತಲಿನ ಮಣ್ಣು ಪುಡಿಯಾದಂತೆ ಸಡಿಲವಾಗಿ ಒಂದು ದಿನ ಕೈಗೇ ಬರುತ್ತದೆ. ಮಣ್ಣಿನ ಮನೆಯಲ್ಲಿ ಏಣಿಯನ್ನು ಹಿಡಿಯಬೇಕಾದದ್ದು ಗೋಡೆಯಲ್ಲ, ತೊಲೆ. ಗೆದ್ದಲು ತಿನ್ನದ ತೊಲೆಗೆ ಆರುಪಾರಾಗಿ ಬೋಲ್ಟು ಹಾಕಿ, ಎರಡೂ ಕಡೆ ಅಗಲವಾದ ವಾಷರು ಕೊಟ್ಟು, ಅದಕ್ಕೆ ಕೊಕ್ಕೆ ಕೂರಿಸಬೇಕು. ಹೊರಗೋಡೆಗೇ ಬೇಕಾದರೆ ಗೋಡೆಯ ಒಳಗೂ ಹೊರಗೂ ಕಬ್ಬಿಣದ ಪಟ್ಟಿ ಇಟ್ಟು ನಡುವೆ ಸಲಾಕೆ ಹಾಯಿಸಿ ಬಿಗಿಯಬೇಕು. ಆಗ ಎಳೆತ ಒಂದು ತೂತಿನ ಮೇಲೆ ಬೀಳದೆ ಗೋಡೆಯ ಅಗಲಕ್ಕೆ ಹಂಚಿಹೋಗುತ್ತದೆ.

12 ಅಡಿ ಎತ್ತರದ ಮಾಳಿಗೆಗೆ 12 ಅಡಿ ಏಣಿ ತರುವುದು ಎಲ್ಲೆಡೆ ಕಾಣುವ ತಪ್ಪು. ಕಾಲನ್ನು 3 ಅಡಿ ದೂರವಿಟ್ಟು, ಮಾಳಿಗೆಯ ಅಂಚಿನಿಂದ ಮೇಲಕ್ಕೂ 3 ಅಡಿ ಏಣಿ ಚಾಚಿರಬೇಕೆಂದರೆ ಉದ್ದ ಹದಿನೈದೂವರೆ ಅಡಿ ಬೇಕು. ಪೈಥಾಗೊರಸನ ಪ್ರಮೇಯ ಓದಿದ ಹೈಸ್ಕೂಲು ಮಕ್ಕಳು ತಾವೇ ಲೆಕ್ಕ ಹಾಕಿ ತಂದೆಗೆ ಹೇಳಬಹುದು. ಮೇಲೆ ಚಾಚಿದ ಆ ಭಾಗ ಮೆಟ್ಟಿಲಿಗಲ್ಲ, ಏಣಿಯಿಂದ ಮಾಳಿಗೆಗೆ ಕಾಲಿಡುವಾಗ ಕೈಗೆ ಆಸರೆಗಾಗಿ. ಅಂಗಳದ ಮಣ್ಣಿನಲ್ಲಿ ಒಂದು ಕಾಲು ಹೂತು ಏಣಿ ವಾಲದಂತೆ ಕೆಳಗೆ ಕಚ್ಚು ಹೊಡೆದ ಕಲ್ಲುಚಪ್ಪಡಿ ಹಾಸಿದರೆ ಗೆದ್ದಲಿನಿಂದಲೂ ದೂರವಾಯಿತು.

ಹಂಪಿಯ ಬೆಣೆ

ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಸಣ್ಣ ಗುಂಡಿಗಳನ್ನು ಶಾಲಾ ಪ್ರವಾಸದ ಮಕ್ಕಳೆಲ್ಲ ನೋಡಿರುತ್ತಾರೆ. ಆ ಗುಂಡಿಗಳಿಗೆ ಬೆಣೆ ಹಾಕಿ ವಿಜಯನಗರದ ಕಲ್ಲುಕುಟಿಗರು ಕಗ್ಗಲ್ಲನ್ನು ಬೇಕಾದಂತೆ ಸೀಳಿದರು. ಇಂದು ಅಂಗಡಿಯಲ್ಲಿ ಸಿಗುವ ಹಿಗ್ಗುವ ಬೋಲ್ಟು ಕೆಲಸ ಮಾಡುವುದೂ ಇದೇ ತತ್ತ್ವದಿಂದ. ನಟ್ಟು ಬಿಗಿದಂತೆ ಅದರ ತುದಿಯ ತೋಳು ಅಗಲವಾಗಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಚಪ್ಪಡಿಯ ಅಂಚಿನ ಹತ್ತಿರ, ಅದೂ ಒಂದೇ ಸಾಲಿನಲ್ಲಿ ಮೂರ್ನಾಲ್ಕು ಬೋಲ್ಟು ಬಿಗಿದರೆ ಕಲ್ಲು ಸೀಳಬಹುದು. ಕಲ್ಲಿಗೆ ಬೋಲ್ಟು ಹಾಕುವುದಾದರೆ ಅಂಚಿನಿಂದ ದೂರ ಸರಿಯಬೇಕು. ಇಲ್ಲವೇ ಹಿಗ್ಗದೆ ಅಂಟಿಕೊಳ್ಳುವ ರಾಸಾಯನಿಕ ಗಾರೆಯ ಬೋಲ್ಟನ್ನು ಆರಿಸಬೇಕು.

ಇದಕ್ಕಿಂತ ಮೊದಲ ಮಾತೊಂದಿದೆ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯಲ್ಲಿ ಮನಸ್ಸು ಬಂದಲ್ಲಿ ಕೊರೆಯುವಂತಿಲ್ಲ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿನ ಹಳೆಯ ಮನೆಗಳಿಗೆ ಗೋಡೆಯನ್ನು ಮುಟ್ಟದೆ ತಾನೇ ನಿಲ್ಲುವ ಕವೆ ಏಣಿಯೇ ಮೇಲು. ಅದರ ಎರಡು ಭಾಗಗಳು ದೂರ ಸರಿಯದಂತೆ ಹಿಡಿಯುವ ಅಡ್ಡಪಟ್ಟಿ ಪೂರ್ತಿ ಕೂತ ಮೇಲೇ ಹತ್ತಬೇಕು.

ಕಾಂಕ್ರೀಟಿನ ಅಟ್ಟ

ಹೊಸಪೇಟೆಯ ಹೊಸ ಬಡಾವಣೆಗಳಲ್ಲಿ ಅಟ್ಟವೆಂದರೆ ಅಡುಗೆಮನೆ, ಮಲಗುವ ಕೋಣೆಗಳ ಬಾಗಿಲ ಮೇಲಿನ ಕಾಂಕ್ರೀಟು ಹಲಗೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದರ ಕೆಳಗೆ ಕನಿಷ್ಠ 2.2 ಮೀಟರು ತೆರವು ಇರಬೇಕು. ಅಂದರೆ ಏಳಡಿಗೂ ಮೇಲೆ. ಅಷ್ಟು ಎತ್ತರಕ್ಕೆ ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವುದು ಸರ್ಕಸ್ಸಿನವರಿಗೆ ಬಿಟ್ಟದ್ದು.

ಇಲ್ಲಿ ಅನುಕೂಲವಾದ ಏರ್ಪಾಡೆಂದರೆ ಅಟ್ಟದ ಅಂಚಿನ ಉದ್ದಕ್ಕೂ ಒಂದು ಉಕ್ಕಿನ ಪೈಪು, ಅದಕ್ಕೆ ಸಿಕ್ಕಿಸುವ ಕೊಕ್ಕೆಯ ತಲೆಯುಳ್ಳ ಏಣಿ. ಪೈಪನ್ನು ಹಿಡಿಯುವ ಬ್ರಾಕೆಟ್ಟು ತೊಲೆಗೋ ಲಿಂಟಲಿಗೋ ಕೂತರೆ ಹಿಗ್ಗುವ ಬೋಲ್ಟು ಸಾಕು. ಮೂರ್ನಾಲ್ಕು ಇಂಚಿನ ತೆಳು ಹಲಗೆಗೇ ಕೂರಿಸುವುದಾದರೆ ಆರುಪಾರು ಬೋಲ್ಟೇ ಬೇಕು. ಗೋಡೆಯಿಂದ ಹೊರಚಾಚಿ ನಿಂತ ಅಟ್ಟವಾದರೆ ಒಳಗಿನ ಸರಳಿಗೆ ಡ್ರಿಲ್ ತಾಗದಂತೆ ಎಂಜಿನಿಯರರನ್ನು ಕೇಳಿಯೇ ಕೊರೆಯಬೇಕು. ಬೋಲ್ಟಿನ ಉದ್ದ ಅಳೆಯುವಾಗ ಗಿಲಾವಿನ ದಪ್ಪವನ್ನು ಬಿಟ್ಟು ಲೆಕ್ಕ ಹಾಕಬೇಕು, ಗಿಲಾವು ಏನನ್ನೂ ಹಿಡಿಯುವುದಿಲ್ಲ. ಕೊರೆದ ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆಯದಿದ್ದರೆ ಒಳ್ಳೆಯ ಬೋಲ್ಟೂ ಕೆಟ್ಟದ್ದಾಗುತ್ತದೆ. ಗೋಡೆ ಟೊಳ್ಳು ಇಟ್ಟಿಗೆಯದಾದರೆ ನಟ್ಟು ತಿರುಗಿಸಿದಷ್ಟೂ ಗರಗರ ತಿರುಗುತ್ತದೆ, ಬಿಗಿ ಹತ್ತುವುದಿಲ್ಲ. ಪ್ಲಾಸ್ಟಿಕ್ ಗಟ್ಟ ಬಡಿದು ಸ್ಕ್ರೂ ಹಾಕುವುದು ಕ್ಯಾಲೆಂಡರಿಗೆ ಸರಿ, ಮನುಷ್ಯರಿಗಲ್ಲ.

ಚಾವಣಿಯಿಂದ ಮಡಚಿ ಇಳಿಯುವ ವಿದೇಶಿ ಮಾದರಿಯ ಏಣಿಗಳಿಗೂ ಈಗ ಗಿರಾಕಿಗಳಿದ್ದಾರೆ. ಯುರೋಪಿನಲ್ಲಿ ಅವುಗಳಿಗೆಂದೇ ಪ್ರತ್ಯೇಕ ಮಾನಕವಿದೆ. ಆದರೆ ಅಲ್ಲಿನ ಎಷ್ಟೋ ಮನೆಗಳ ಚಾವಣಿಯ ಚೌಕಟ್ಟು ಮರದ್ದು, ಪೆಟ್ಟಿಗೆಯಲ್ಲಿ ಬರುವ ಸ್ಕ್ರೂಗಳು ಸಾಮಾನ್ಯವಾಗಿ ಮರಕ್ಕೆ ಹೇಳಿದವು. ಅವನ್ನೇ ನಮ್ಮ ಕಾಂಕ್ರೀಟಿಗೆ ತುರುಕುವುದು ದುಬಾರಿ ಏಣಿಗೆ ಅಗ್ಗದ ಆಧಾರ ಕೊಟ್ಟಂತೆ.

ಹೊಸಪೇಟೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನೀರು ತಡೆದ ಗೇಟು ಹೋದದ್ದು ಅದನ್ನು ಹಿಡಿದಿದ್ದ ಸರಪಳಿ ತುಂಡಾದ್ದರಿಂದ.

ಗಣಿಯ ನಿಯಮ ಮನೆಗೂ

ಸಂಡೂರಿನ ದೋಣಿಮಲೈ, ದೇವಗಿರಿಯ ಕಡೆ ಗಣಿಗೆ ಹೋಗುವ ತಂದೆಯಂದಿರು ಹೆಲ್ಮೆಟ್ಟಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಎತ್ತರದಲ್ಲಿ ಕೆಲಸ ಮಾಡುವವರು ಬೆಲ್ಟಿನ ಹಗ್ಗವನ್ನು ಗಟ್ಟಿಯಾದ ಆಧಾರಕ್ಕೆ ಸಿಕ್ಕಿಸಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಏಣಿಯ ಮೇಲಿರಬೇಕು ಎಂಬುದು ಕಾರ್ಖಾನೆಗಳಲ್ಲಿ ಹೇಳಿಕೊಡುವ ಪಾಠ. ಅದೇ ಪಾಠವನ್ನು ಮನೆಯಲ್ಲಿ ಮಕ್ಕಳಿಗೆ ದಾಟಿಸಿದವರು ಎಷ್ಟು ಮಂದಿ? ಒಂದು ಕೈಯಲ್ಲಿ ಟ್ರಂಕು ಹಿಡಿದು ಇಳಿಯುವುದರ ಬದಲು ಹಗ್ಗ ಕಟ್ಟಿ ಇಳಿಸಬಹುದು. ಅದಿರಿನ ಕೆಂಪು ಧೂಳು ಮೆಟ್ಟಿಲ ಮೇಲೆ ಕೂತಿದ್ದರೆ ಮೊದಲು ಒರೆಸಿಕೊಳ್ಳಬೇಕು. ಲೋಹದ ಏಣಿಯನ್ನು ಅಂಗಳದಲ್ಲಿ ಎತ್ತಿ ನಿಲ್ಲಿಸುವಾಗ ಮೇಲೆ ಕರೆಂಟಿನ ತಂತಿ ಹಾದಿದೆಯೇ ಎಂದು ತಲೆಯೆತ್ತಿ ನೋಡಬೇಕು. ಇಂಥ ಕಡೆ ಒಣಗಿದ ಮರದ ಏಣಿಯೇ ವಾಸಿ.

ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಸದಾ ನಿಂತಿರುವ ಏಣಿ ಒಂದು ಆಹ್ವಾನ. ಗೋಡೆಗೆ ಎರಡು ಕೊಕ್ಕೆ ಹೊಡೆದು, ಕೆಲಸ ಮುಗಿದ ಕೂಡಲೇ ಅಡ್ಡಲಾಗಿ ತೂಗುಹಾಕುವುದು ಲೇಸು. ಮಾಳಿಗೆಯ ಬೆಳಕಿಂಡಿಗೆ ಬರೀ ತಗಡು ಮುಚ್ಚಿದರೆ ಸಾಲದು, ಕೆಳಗೆ ಕಬ್ಬಿಣದ ಸರಳಿನ ಜಾಳಿಗೆ ಇರಬೇಕು. ಮೇಲೆ ಓಡಾಡುವ ಮಕ್ಕಳಿಗೆ ತಗಡಿಗೂ ನೆಲಕ್ಕೂ ವ್ಯತ್ಯಾಸ ತಿಳಿಯದು.

ಮರದ ಏಣಿಗೆ ಬಣ್ಣ ಬಳಿಯಬಾರದು, ಬಿರುಕು ಕಾಣದಂತಾಗುತ್ತದೆ. ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚಬಹುದು. ಮಾಳಿಗೆಯಲ್ಲಿ ಮಲಗುವವರು ಮಾತ್ರ ಏಣಿಯ ಮೇಲಿನ ಎರಡು ತುದಿಗಳಿಗೆ ಒಂದಿಷ್ಟು ಸುಣ್ಣ ಬಳಿದಿಡಬೇಕು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದ ಹುಡುಗನಿಗೆ ಇಳಿಯುವ ಜಾಗ ಕತ್ತಲಲ್ಲೂ ಬೆಳ್ಳಗೆ ಕಾಣುತ್ತದೆ.