ಸರಕಾರದಲ್ಲಿ ಸಹಾಯಕ ಪ್ರೋಗ್ರಾಮರ್: ಕೆಲಸವೇನು, ಅರ್ಹತೆಯೇನು?

ಹೊರನಾಡಿನ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಎಂ.ಸಿ.ಎ. ಮುಗಿಸಿದರೆಂದರೆ ಮುಂದಿನ ಮಾತು ಖಾಸಗಿ ಕಂಪನಿಗಳದ್ದೇ. ಕೇಂದ್ರ ಸರಕಾರದಲ್ಲಿಯೂ ಅವರಿಗೆ ಹುದ್ದೆಗಳುಂಟೆಂಬುದನ್ನು ಬಲ್ಲವರು ವಿರಳ. ಅಂತಹವುಗಳಲ್ಲಿ ಮೊದಲ ಮೆಟ್ಟಿಲಿನದು ಸಹಾಯಕ ಪ್ರೋಗ್ರಾಮರ್ ಹುದ್ದೆ. 2024ರ ನವೆಂಬರಿನಲ್ಲಿ ಕೇಂದ್ರ ಲೋಕಸೇವಾ ಆಯೋಗವು ಸಿ.ಬಿ.ಐ.ಗಾಗಿ ಇಂತಹ 27 ಹುದ್ದೆಗಳಿಗೆ ಅರ್ಜಿ ಆಹ್ವಾನಿಸಿತ್ತು.

ಸರಕಾರಿ ಪ್ರೋಗ್ರಾಮರನು ನಿಯಮವನ್ನು ರೂಪಿಸುವವನಲ್ಲ. ಇರುವ ನಿಯಮವನ್ನು ಗಣಕಕ್ಕೆ ತಿಳಿಯುವಂತೆ ಬರೆಯುವವನು. ಇದು ಕೇಳಿದಷ್ಟು ಸುಲಭವಲ್ಲ. ಒಂದು ಉದಾಹರಣೆಯನ್ನು ನೋಡೋಣ. ಕೇಂದ್ರ ಸರಕಾರಿ ನೌಕರನು ಸಾಮಾನ್ಯವಾಗಿ 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಆದರೆ ತಿಂಗಳ 1ನೆಯ ತಾರೀಖಿನಂದು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕು. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಜನ್ಮದಿನ ಬರೆದುಕೊಂಡವರು ನಮ್ಮ ಪೀಳಿಗೆಯಲ್ಲಿ ಎಷ್ಟು ಮಂದಿ! ಅವರೆಲ್ಲರಿಗೂ ಮೇ 31 ಕೊನೆಯ ದಿನ. ಪ್ರೋಗ್ರಾಮಿನಲ್ಲಿ ಈ ಒಂದು ಸಾಲು ತಪ್ಪಿದರೆ ಒಂದು ತಿಂಗಳ ಸಂಬಳ ಹೆಚ್ಚಾಗಿ ಹೋಗುತ್ತದೆ, ಪಿಂಚಣಿಯ ಲೆಕ್ಕ ಕೆಡುತ್ತದೆ. ಆದುದರಿಂದ ಬರೆದುದನ್ನು ಪರೀಕ್ಷಿಸುವುದು, ದೋಷ ಹುಡುಕಿ ತಿದ್ದುವುದು, ಮುಂದೆ ಬರುವವನಿಗೆ ಅರ್ಥವಾಗುವಂತೆ ವಿವರಣೆ ಬರೆದಿಡುವುದು ಕೂಡ ಅವನ ಕರ್ತವ್ಯವೇ.

ಇಂತಹ ಕೆಲಸದ ಫಲವನ್ನು ಊರಿನಲ್ಲಿ ಜಮೀನಿರುವ ನಾವೂ ಉಂಡಿದ್ದೇವೆ. ಕರ್ನಾಟಕದ ‘ಭೂಮಿ’ ಯೋಜನೆಗೆ ತಂತ್ರಾಂಶ ರಚಿಸಿದವರು ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್.ಐ.ಸಿ.ಯ ತಂತ್ರಜ್ಞರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಅವರು ಅದರೊಳಗೇ ಸೇರಿಸಿದರು. ಕೈಬರಹದ ಪಹಣಿಗಾಗಿ ಅಲೆದವರಿಗೆ ಇದರ ಬೆಲೆ ಗೊತ್ತು.

ಇನ್ನು ಅರ್ಹತೆಯ ವಿಚಾರ. ಸಿ.ಬಿ.ಐ.ಯ ಹುದ್ದೆಗೆ ಮೂರು ದಾರಿಗಳಿವೆ. ಎಂ.ಸಿ.ಎ., ಗಣಕ ವಿಜ್ಞಾನದ ಸ್ನಾತಕೋತ್ತರ ಪದವಿ ಅಥವಾ ಗಣಕ ವಿಷಯದ ಬಿ.ಇ., ಬಿ.ಟೆಕ್. ಇದ್ದವರಿಗೆ ಅನುಭವ ಬೇಕಿಲ್ಲ. ಬಿ.ಸಿ.ಎ. ಅಥವಾ ಗಣಕ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಪದವಿ ಇದ್ದವರಿಗೆ 2 ವರ್ಷದ ಅನುಭವ ಬೇಕು. ಡಿ.ಓ.ಇ.ಎ.ಸಿ.ಸಿ. (ಇಂದಿನ ನೈಲಿಟ್) ‘ಎ’ ಲೆವೆಲ್ ಡಿಪ್ಲೊಮಾ ಅಥವಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಗಣಕ ಡಿಪ್ಲೊಮಾ ಉಳ್ಳವರಿಗೆ 3 ವರ್ಷದ ಅನುಭವ ಬೇಕು.

ಎಡವುವುದು ಇಲ್ಲಿಯೇ. ಬೇಕಾದುದು ದತ್ತಾಂಶ ಸಂಸ್ಕರಣೆಯ ಅನುಭವ. ಅದರಲ್ಲಿಯೂ ನಿಜವಾಗಿ ಪ್ರೋಗ್ರಾಮ್ ಬರೆದ ಅನುಭವ ಇರಬೇಕು. ಕಚೇರಿಯಲ್ಲಿ ಕುಳಿತು ಬರೀ ಅಂಕಿಅಂಶ ತುಂಬಿಸಿದ್ದು ಲೆಕ್ಕಕ್ಕೆ ಬಾರದು. ‘ನಮ್ಮಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದರು’ ಎಂಬ ಒಂದು ಸಾಲಿನ ಪತ್ರವನ್ನು ನಂಬಿ ಕುಳಿತವರನ್ನು ನಾವು ಬಲ್ಲೆವು. ಯಾವ ದಿನದಿಂದ ಯಾವ ದಿನದವರೆಗೆ, ಏನು ಕೆಲಸವೆಂಬ ವಿವರಗಳುಳ್ಳ ಪ್ರಮಾಣಪತ್ರವನ್ನು ಆಯೋಗದ ನಮೂನೆಯಲ್ಲಿ, ಕೆಲಸ ಬಿಡುವ ಮುನ್ನವೇ ಪಡೆದಿಡುವುದು ಕ್ಷೇಮ. ಬೀದಿಬೀದಿಯ ತರಬೇತಿ ಕೇಂದ್ರಗಳು ಸಾವಿರಾರು ರೂಪಾಯಿ ಪಡೆದು ಕೊಡುವ ಸರ್ಟಿಫಿಕೇಟುಗಳಿಂದ ವಿದ್ಯೆ ಬರಬಹುದು. ಆದರೆ ಅವು ಮೇಲಿನ ಪದವಿ, ಡಿಪ್ಲೊಮಾಗಳ ಸ್ಥಾನವನ್ನು ತುಂಬಲಾರವು. ಹಣ ಕಟ್ಟುವ ಮುನ್ನ ಪಾಲಕರು ಇದನ್ನು ವಿಚಾರಿಸಲೇಬೇಕು.

ವಯೋಮಿತಿ ಸಾಮಾನ್ಯ ವರ್ಗಕ್ಕೆ 30 ವರ್ಷ. ಮೀಸಲು ಹುದ್ದೆಗಳಲ್ಲಿ ಇತರ ಹಿಂದುಳಿದ ವರ್ಗದವರಿಗೆ 3, ಪರಿಶಿಷ್ಟರಿಗೆ 5 ವರ್ಷಗಳ ಸಡಿಲಿಕೆಯುಂಟು. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ 7ನೆಯ ಹಂತದ ಆರಂಭಿಕ ಮೂಲವೇತನ 44,900 ರೂಪಾಯಿ, ಭತ್ಯೆಗಳು ಬೇರೆ. ಅರ್ಜಿದಾರರು ಹೆಚ್ಚಿದ್ದಾಗ ಪರೀಕ್ಷೆ ನಡೆಸಿ ಅನಂತರ ಸಂದರ್ಶನಕ್ಕೆ ಕರೆಯುತ್ತಾರೆ. ಅರ್ಹತೆಯೆಲ್ಲವೂ ಅರ್ಜಿಯ ಕೊನೆಯ ದಿನಾಂಕದೊಳಗೆ ಪೂರ್ಣಗೊಂಡಿರಬೇಕು; ಕೊನೆಯ ಸೆಮಿಸ್ಟರಿನ ಫಲಿತಾಂಶ ಮರುದಿನ ಬಂದರೂ ಆ ಬಾರಿಗೆ ಪ್ರಯೋಜನವಿಲ್ಲ.