ಶ್ವಾಸಕೋಶಕ್ಕೂ ಒಂದು ಗಡಿಯಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಊರು ಯಾವುದಾದ್ರೂ ಅಷ್ಟೇ. ಮನೆಯ ಹಿರಿಯರಿಗೆ ನ್ಯುಮೋನಿಯಾ ಜೋರಾಯ್ತು ಅಂದ್ರೆ ಆಂಬುಲೆನ್ಸ್ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡುತ್ತೆ. ಐಸಿಯು ಒಳಗೆ ವೆಂಟಿಲೇಟರ್ ನೋಡಿಕೊಳ್ಳೋರು ಬಹಳ ಕಡೆ ಅರಿವಳಿಕೆ ತಜ್ಞರೇ. (ಆಪರೇಷನ್‌ಗೆ ಮುಂಚೆ ಮತ್ತು ಬರಿಸೋದಷ್ಟೇ ಅವರ ಕೆಲಸ ಅಂದ್ಕೊಂಡಿದ್ರಾ?)

ಅಲ್ಲಿ ರಾತ್ರಿಯಿಡೀ ಲೈಟು, ಮಾನಿಟರ್ ಸದ್ದು. ಹಗಲೋ ಇರುಳೋ ರೋಗಿಗೆ ಗೊತ್ತಾಗಲ್ಲ. ಸೋಂಕಿಗೆ ಇದರಿಂದ ವ್ಯತ್ಯಾಸ ಆಗುತ್ತಾ? ಸಂಶೋಧಕರು ಇಲಿಗಳಿಗೆ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾವನ್ನು ಬೇರೆಬೇರೆ ಹೊತ್ತಿನಲ್ಲಿ ಚುಚ್ಚಿದ ವರದಿ 1969ರಲ್ಲೇ ಬಂತು. ಇಲಿ ಎಷ್ಟು ಕಾಲ ಬದುಕಿತು ಅನ್ನೋದು ಚುಚ್ಚಿದ ಹೊತ್ತಿನ ಮೇಲೆ ನಿಂತಿತ್ತು. 2014ರಲ್ಲಿ ಮ್ಯಾಂಚೆಸ್ಟರ್‌ನ ಜೂಲಿ ಗಿಬ್ಸ್ ತಂಡ ಇನ್ನೂ ಒಳಕ್ಕಿಳಿಯಿತು. ಶ್ವಾಸನಾಳದ ಒಳಪದರದ ಕೋಶಗಳಿಗೆ ಅವುಗಳದ್ದೇ ಗಡಿಯಾರ ಇದೆ. ಅದರ ಮುಖ್ಯ ಜೀನ್ ಬಿಮಾಲ್-1 ತೆಗೆದ ಇಲಿಗಳಲ್ಲಿ ಉರಿಯೂತ ಹದ ಮೀರಿತು, ನ್ಯುಮೊಕಾಕಸ್ ಎದುರಿನ ಹೋರಾಟವೂ ಕೆಟ್ಟಿತು.

ಆದ್ರೆ ಇಲಿ ರಾತ್ರಿ ಓಡಾಡೋ ಪ್ರಾಣಿ, ನಮ್ಮ ಲೆಕ್ಕ ಬೇರೆ. ಇದನ್ನ ಓದಿ ಆಂಟಿಬಯೋಟಿಕ್ ಹೊತ್ತು ಬದಲಿಸಬೇಡಿ. ತೀವ್ರ ನ್ಯುಮೋನಿಯಾಗೆ ಮೊದಲ ಡೋಸ್ ತಡವಾಗಲೇಬಾರದು. ರಾತ್ರಿ ಲೈಟು, ಸದ್ದು ತಗ್ಗಿಸಿ ಅಂತ ಐಸಿಯು ಮಾರ್ಗಸೂಚಿಗಳೇ ಹೇಳುತ್ತವೆ, ಕೇಳಲು ಹಿಂಜರಿಯಬೇಡಿ. ಒಳಗೆ ಬಿಟ್ಟಾಗ ಕಿವಿಯ ಹತ್ತಿರ ಹೇಳಿ: “ಅಪ್ಪಾಜಿ, ಇವತ್ತು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.”