ಅಕ್ಕಿಕಾಳಿನಂತಹ ಹೊಲಿಗೆ

ಚಳಿಯನ್ನು ಗೆಲ್ಲಲು ಹುಟ್ಟಿದ ಜಪಾನಿನ ಸಶಿಕೋ ಕಲೆ

ಎರಡು ಪದರವಾಗಿ ಮಡಿಸಿದ, ಸುಮಾರು ಒಂದು ಅಡಿ ಚೌಕದ ಹತ್ತಿ ಬಟ್ಟೆ. ಸಾಮಾನ್ಯ ಸೂಜಿಗಿಂತ ತುಸು ಉದ್ದನೆಯ ಸೂಜಿ. ಹುರಿಹಾಕಿದ ದಪ್ಪನೆಯ ಹತ್ತಿ ದಾರ. ಜಪಾನಿನಲ್ಲಿ ಸಶಿಕೋ ಕಲಿಯಲು ಕುಳಿತವಳ ಮುಂದಿರುವ ಸಾಮಗ್ರಿ ಇಷ್ಟೇ. ಹೊಲಿಗೆಯೂ ಒಂದೇ. ಸೂಜಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡುತ್ತ ಸಾಗುವ ಸಾದಾ ಹೊಲಿಗೆ. ಲಂಗದ ಅಂಚನ್ನು ಮಡಿಸಿ ಹೊಲಿಯಬಲ್ಲ ಹತ್ತು ವರ್ಷದ ಹುಡುಗಿಗೂ ಅದು ಬರುತ್ತದೆ. ಇದರಲ್ಲಿ ಕಲಿಯುವುದೇನಿದೆ ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮೊದಲ ಸಾಲನ್ನು ಮುಗಿಸಿ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಈ ಆತ್ಮವಿಶ್ವಾಸ ಕರಗಿಹೋಗುತ್ತದೆ. ಒಂದು ಹೊಲಿಗೆ ಉದ್ದ, ಮತ್ತೊಂದು ಗಿಡ್ಡ. ಸಾಲು ಗೆರೆಯನ್ನು ಬಿಟ್ಟು ಅತ್ತಿತ್ತ ಸರಿದಿದೆ. ಬಟ್ಟೆಯಂತೂ ಸುಟ್ಟ ಹಪ್ಪಳದಂತೆ ಮುದುಡಿ ಕುಳಿತಿದೆ. ಸುಲಭವೆಂದು ತೋರಿದ್ದು ಸುಲಭವಲ್ಲವೆಂದು ಅರಿಯುವುದೇ ಸಶಿಕೋ ವಿದ್ಯೆಯ ಮೊದಲ ಪಾಠ.

ಹಿಮದ ನಾಡಿನ ಕವಚ

‘ಸಶಿಕೋ’ ಎಂದರೆ ಚುಚ್ಚಿ ಚುಚ್ಚಿ ಹೊಲಿದದ್ದು ಎಂದು ಅರ್ಥ. ಇಂದು ಅಲಂಕಾರದ ಕಸೂತಿಯೆಂದು ಹೆಸರಾಗಿರುವ ಈ ಕಲೆ ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ. 1603ರಿಂದ 1868ರವರೆಗಿನ ಎದೊ ಯುಗದಲ್ಲಿ, ಜಪಾನಿನ ಉತ್ತರ ಭಾಗದ ರೈತರ ಮತ್ತು ಬೆಸ್ತರ ಮನೆಗಳಲ್ಲಿ ಅದು ಬೆಳೆಯಿತು. ವರ್ಷದ ಹಲವು ತಿಂಗಳು ಹಿಮ ಬೀಳುವ ಆ ಸೀಮೆಯ ಚಳಿಯಲ್ಲಿ ಹತ್ತಿ ಬೆಳೆಯುವುದಿಲ್ಲ. ಸೆಣಬಿನ ನಾರಿನಿಂದ ನೇಯ್ದ ಜಾಳುಬಟ್ಟೆಯೇ ಜನರ ಉಡುಪು. ಅದರ ಎಳೆಗಳ ಸಂದಿನಿಂದ ಗಾಳಿ ಸರಾಗವಾಗಿ ಒಳನುಗ್ಗುತ್ತಿತ್ತು. ಇದು ಸಾಲದೆಂಬಂತೆ, ಇಂದಿನ ಅಓಮೋರಿ ಪ್ರಾಂತಕ್ಕೆ ಸೇರಿದ ತ್ಸುಗಾರು ಸಂಸ್ಥಾನವು 1724ರಲ್ಲಿ ಒಂದು ಮಿತವ್ಯಯದ ಕಟ್ಟಳೆಯನ್ನು ಹೊರಡಿಸಿ, ರೈತರು ಹತ್ತಿಯ ಬಟ್ಟೆ ತೊಡಬಾರದೆಂದು ವಿಧಿಸಿತು.

ಆ ಮನೆಗಳ ಹೆಂಗಸರು ಇದಕ್ಕೆ ಸೂಜಿಯಿಂದಲೇ ಉತ್ತರ ಕೊಟ್ಟರು. ಕೈಗೆ ದೊರೆತ ಬಿಳಿಯ ಹತ್ತಿ ನೂಲನ್ನು ನೀಲಿ ಸೆಣಬಿನ ಬಟ್ಟೆಯ ಎಳೆಗಳ ನಡುವೆ ಸಾಲುಸಾಲಾಗಿ ತುಂಬಿ, ಗಾಳಿಯ ಕಿಂಡಿಗಳನ್ನು ಮುಚ್ಚಿದರು. ತ್ಸುಗಾರುವಿನಲ್ಲಿ ಒಂದು, ಮೂರು, ಐದು ಎಂದು ಬೆಸ ಎಳೆಗಳನ್ನು ಎಣಿಸಿ ಹೊಲಿಯುವ ಈ ಬಗೆಗೆ ‘ಕೊಗಿನ್’ ಎಂದು ಹೆಸರು. ನೆರೆಯ ನಾಂಬು ಸೀಮೆಯಲ್ಲಿ ಸಮಸಂಖ್ಯೆಯ ಎಣಿಕೆ. ಎಣಿಕೆ ತಪ್ಪದಿದ್ದರೆ ಬಟ್ಟೆಯ ಮೇಲೆ ವಜ್ರಾಕೃತಿಗಳು ತಾವಾಗಿ ಮೂಡುತ್ತಿದ್ದವು. ಬೆಚ್ಚಗಿರಲೆಂದು ಹೊಲಿದದ್ದು ಚೆಲುವಾಗಿಯೂ ಕಂಡಿತು.

ಬೇರೆಡೆಗಳಲ್ಲಿ ಹಳೆಯ ಹತ್ತಿಯ ಚಿಂದಿಗಳು ಹಡಗುಗಳ ಮೂಲಕ ಬರುತ್ತಿದ್ದವು. ಅವನ್ನು ಪದರ ಪದರವಾಗಿ ಜೋಡಿಸಿ ಹೊಲಿದರೆ ದಪ್ಪನೆಯ ಅಂಗಿಯಾಗುತ್ತಿತ್ತು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪೇರಿಸಿ ಹೊಲಿಯುವ ಕೌದಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಎದೊ ನಗರದ ಬೆಂಕಿ ಆರಿಸುವವರ ನಿಲುವಂಗಿಯೂ ಸಶಿಕೋ ಹೊಲಿಗೆಯದೇ. ಅದನ್ನು ನೀರಿನಲ್ಲಿ ಚೆನ್ನಾಗಿ ತೋಯಿಸಿ ತೊಟ್ಟು ಅವರು ಜ್ವಾಲೆಯತ್ತ ನುಗ್ಗುತ್ತಿದ್ದರು; ಪದರಗಳು ಹೀರಿಕೊಂಡ ನೀರೇ ಅವರ ರಕ್ಷಾಕವಚ.

ಸೂಜಿಯಲ್ಲ, ಬಟ್ಟೆ ಚಲಿಸಬೇಕು

ಇಂದು ಹೊಸಬರು ಸಾಮಾನ್ಯವಾಗಿ ಮೊದಲು ಹೊಲಿಯುವುದು ‘ಹಾನಾಫುಕಿನ್’ ಎಂಬ ವಸ್ತ್ರವನ್ನು. ಹೆಸರಿನ ಅರ್ಥ ‘ಹೂವಿನ ಒರೆಸುಬಟ್ಟೆ’. ಕೆಲಸ ಅಡಿಗೆಮನೆಯಲ್ಲಿ ಪಾತ್ರೆ ಒರೆಸುವುದು. ಬಟ್ಟೆಯ ಮೇಲೆ ಮೊದಲು ಅಳತೆಗೋಲಿನಿಂದ ಚೌಕಗಳ ಗೆರೆ ಎಳೆದುಕೊಳ್ಳಬೇಕು. ಗೆರೆ ತಪ್ಪಿದರೆ ಮುಂದಿನ ಹೊಲಿಗೆಯೆಲ್ಲ ತಪ್ಪಿದಂತೆಯೇ.

ಸೂಜಿ ಹಿಡಿಯುವ ಕ್ರಮವೂ ವಿಶೇಷವಾದದ್ದು. ನಡುಬೆರಳಿಗೆ ತೊಟ್ಟ ಉಂಗುರಕ್ಕೆ ಅಂಟಿದ ಬಿಲ್ಲೆಯೊಂದು ಅಂಗೈಯ ಕಡೆಗೆ ಬರುತ್ತದೆ. ಇದೇ ಅವರ ಅಂಗುಸ್ತಾನ. ಸೂಜಿಯ ಹಿಂದುದಿಯನ್ನು ಈ ಬಿಲ್ಲೆಗೆ ಒತ್ತಿ, ಮೊನೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಸೂಜಿಯನ್ನು ಆದಷ್ಟು ಸ್ಥಿರವಾಗಿರಿಸಿ, ಎಡಗೈಯಿಂದ ಬಟ್ಟೆಯನ್ನೇ ಮೇಲೆ ಕೆಳಗೆ ಆಡಿಸಬೇಕು. ಬಟ್ಟೆ ನೆರಿಗೆ ನೆರಿಗೆಯಾಗಿ ಸೂಜಿಯ ಮೇಲೆ ಏರಿ ಕುಳಿತುಕೊಳ್ಳುತ್ತದೆ. ಹೀಗೆ ಹಲವು ಹೊಲಿಗೆಗಳು ಕೂಡಿದ ಮೇಲೆ ದಾರವನ್ನು ಒಮ್ಮೆಗೇ ಎಳೆಯಬೇಕು. ಒಂದೊಂದಾಗಿ ಚುಚ್ಚಿ ಎಳೆದರೆ ಸಾಲು ಡೊಂಕಾಗುವುದು ಸಹಜ. ಒಟ್ಟಿಗೆ ಎಳೆದಾಗ ಅದು ನೇರವಾಗಿ ನಿಲ್ಲುತ್ತದೆ.

ಹೊಸಬರು ಮರೆಯುವುದು ಅನಂತರದ ಹೆಜ್ಜೆಯನ್ನು. ದಾರ ಎಳೆದ ಕೂಡಲೇ ಸಾಲಿನ ಉದ್ದಕ್ಕೂ ಬೆರಳುಗಳಿಂದ ಬಟ್ಟೆಯನ್ನು ಸವರಿ, ಸುಕ್ಕು ಬಿಡಿಸಿ, ದಾರ ಸಡಿಲವಾಗಿ ಹರಡಿಕೊಳ್ಳುವಂತೆ ಮಾಡಬೇಕು. ‘ಇತೊಕೊಕಿ’ ಎಂಬ ಈ ಕ್ರಿಯೆಗೆ ಹಿಡಿಯುವುದು ಅರೆಗಳಿಗೆ. ಅದನ್ನು ಬಿಟ್ಟರೆ ಇಡೀ ವಸ್ತ್ರ ಮುದುಡುತ್ತದೆ. ಮೊದಲ ಸಾಲು ಹಪ್ಪಳವಾದುದರ ಗುಟ್ಟು ಇಲ್ಲಿದೆ.

ಹೊಲಿಗೆಯ ಅಳತೆಗೂ ಒಂದು ಮಾತಿದೆ: ಮೇಲ್ಗಡೆ ಕಾಣುವುದು ಮೂರು ಪಾಲಾದರೆ, ನಡುವಿನ ಬಿಡುವು ಎರಡು ಪಾಲು. ಹೀಗಾದಾಗ ಪ್ರತಿಯೊಂದು ಹೊಲಿಗೆಯೂ ಅಕ್ಕಿಕಾಳಿನಂತೆ ದುಂಡಗೆ ಕಾಣುತ್ತದೆ. ಮೂಲೆ ಬಂದಲ್ಲಿ ಹೊಲಿಗೆಯೊಂದು ಸರಿಯಾಗಿ ಮೂಲೆಯಲ್ಲೇ ಮುಗಿಯಬೇಕು. ತಿರುವಿನಲ್ಲಿ ಹಿಂಬದಿಯ ದಾರವನ್ನು ಚೂರು ಸಡಿಲ ಬಿಡಬೇಕು. ಹಲವು ಗೆರೆಗಳು ಕೂಡುವ ಕಡೆ ಹೊಲಿಗೆಗಳು ಒಂದರ ಮೇಲೊಂದು ಬೀಳದಂತೆ ನಡುವೆ ಸ್ವಲ್ಪ ಜಾಗ ಬಿಡುವುದು ವಾಡಿಕೆ.

ಹಾನಾಫುಕಿನ್‌ನಂತಹ ಕೆಲಸದಲ್ಲಿ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಪದರಗಳ ನಡುವೆ ಅಡಗಿಸಿ, ಮೂರುನಾಲ್ಕು ಹೊಲಿಗೆ ಹಿಂದಕ್ಕೆ ಹೊಲಿದು, ಅವುಗಳ ಮೇಲೆಯೇ ಮುಂದಕ್ಕೆ ಮರಳಬೇಕು. ಗಂಟಿಲ್ಲದೆ, ಹಿಂಬದಿಯೂ ಅಚ್ಚುಕಟ್ಟಾಗಿರುವಂತೆ ಕಸೂತಿ ಹಾಕುವ ಧಾರವಾಡದ ಕಡೆಯ ಹೆಣ್ಣುಮಕ್ಕಳು ಈ ನಿಯಮವನ್ನು ಕಂಡರೆ ಮುಗುಳ್ನಗದಿರಲಾರರು.

ಮಾದರಿಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ‘ಅಸಾನೊಹಾ’, ಅಂದರೆ ಸೆಣಬಿನ ಎಲೆ. ಸೆಣಬು ಬೇಗನೆ, ನೆಟ್ಟಗೆ ಬೆಳೆಯುವ ಗಿಡ. ಮಗುವೂ ಹಾಗೆಯೇ ಬೆಳೆಯಲೆಂದು ಹರಸಿ ತಾಯಂದಿರು ಕೂಸಿನ ಅಂಗಿಗೆ ಈ ಎಲೆಯನ್ನು ಆರಿಸುತ್ತಿದ್ದರು.

ಮರೆಯಾಗಿ ಮರಳಿದ ಸೂಜಿ

1891ರಲ್ಲಿ ಟೋಕಿಯೋದಿಂದ ಅಓಮೋರಿಯವರೆಗೆ ರೈಲುದಾರಿ ಪೂರ್ಣವಾಯಿತು. ಅಗ್ಗದ ಹತ್ತಿ ಬಟ್ಟೆ ಉತ್ತರಕ್ಕೆ ಹರಿದುಬಂದು, ಕೊಗಿನ್ ಹೊಲಿಯುವ ಅಗತ್ಯವೇ ಇಲ್ಲದಾಯಿತು. ಹೊಲಿದ ಅಂಗಿಗಳು ಬಡತನದ ಗುರುತೆಂದು ಮೂಲೆ ಸೇರಿದವು. ಜನಸಾಮಾನ್ಯರ ಕೈಕೆಲಸದಲ್ಲಿ ಸೌಂದರ್ಯವನ್ನು ಕಂಡು, 1936ರಲ್ಲಿ ಟೋಕಿಯೋದಲ್ಲಿ ಜಾನಪದ ಕರಕುಶಲ ಸಂಗ್ರಹಾಲಯವನ್ನು ತೆರೆದ ಯಾನಗಿ ಸೊಎತ್ಸು ಅವರಂತಹವರು ಅವುಗಳತ್ತ ನಾಡಿನ ಕಣ್ಣು ತೆರೆಸಿದರು. ಅಓಮೋರಿಯ ತನಕಾ ಚೂಜಬುರೊ ಹಳ್ಳಿಹಳ್ಳಿ ಅಲೆದು ಹಳೆಯ ಉಡುಪುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ 786 ಸಶಿಕೋ ವಸ್ತ್ರಗಳನ್ನು 1983ರಲ್ಲಿ ಜಪಾನ್ ಸರಕಾರ ರಾಷ್ಟ್ರದ ಮುಖ್ಯ ಜಾನಪದ ಸೊತ್ತೆಂದು ಘೋಷಿಸಿತು. ಒಮ್ಮೆ ನಾಚಿ ಬಚ್ಚಿಟ್ಟದ್ದು ದೇಶದ ಹೆಮ್ಮೆಯಾಯಿತು.

ಸೂಜಿಯ ಮಹತ್ವ ಇನ್ನೊಮ್ಮೆ ಬೆಳಗಿದ್ದು ಸಂಕಟದ ಕಾಲದಲ್ಲಿ. 2011ರ ಮಾರ್ಚ್ 11ರ ಸಮುದ್ರಪ್ರಳಯ ಇವಾತೆ ಪ್ರಾಂತದ ಓತ್ಸುಚಿ ಪಟ್ಟಣವನ್ನು ಕೊಚ್ಚಿಹಾಕಿತು. ಮನೆಯನ್ನೂ ಕೆಲಸವನ್ನೂ ಕಳೆದುಕೊಂಡು ಆಶ್ರಯಕೇಂದ್ರಗಳಲ್ಲಿ ಕುಳಿತಿದ್ದ ಹೆಂಗಸರು ಅದೇ ವರ್ಷ ಸಶಿಕೋ ಹೊಲಿಯತೊಡಗಿದರು. ಇಕ್ಕಟ್ಟಾದ ಜಾಗದಲ್ಲೂ ಮಾಡಬಹುದಾದ ಕೆಲಸ ಅದು. ಅದರಿಂದ ನಾಲ್ಕು ಕಾಸು ದೊರೆಯಿತು. ಸುಮ್ಮನೆ ಕುಳಿತ ಕೈಗೆ ಕೆಲಸವೂ ದೊರೆಯಿತು.

ಹನಿ ಹನಿ ಗೂಡಿದರೆ ಹಳ್ಳವೆಂಬ ಗಾದೆಯಂತೆ ಅಕ್ಕಿಕಾಳುಗಳು ಕೂಡಿ ವಸ್ತ್ರ ಮುಗಿಯುತ್ತದೆ. ಮೊದಲ ಸಾಲಿನ ಡೊಂಕು ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಕೊನೆಯ ಸಾಲು ಮಾತ್ರ ಗೆರೆ ಹಿಡಿದು ನಡೆದಿರುತ್ತದೆ. ಬಿಚ್ಚಿ ಮತ್ತೆ ಹೊಲಿಯಬೇಕಾದ ಕಾರಣವಿಲ್ಲ. ಕಲಿತದ್ದು ಎಷ್ಟೆಂಬುದನ್ನು ಆ ಎರಡು ಸಾಲುಗಳೇ ಹೇಳುತ್ತವೆ. ಇನ್ನು ಅದು ಅಡಿಗೆಮನೆಗೆ ಹೋಗಿ, ಪಾತ್ರೆ ಒರೆಸಿ, ಒಗೆದಷ್ಟೂ ಮೆತ್ತಗಾಗುತ್ತ ಹೋಗಲಿ. ಸಶಿಕೋ ಹುಟ್ಟಿದ್ದೇ ಬಳಕೆಗಾಗಿ.